ಬಾನೆಟ್ಟಿನ ಬಣ್ಣ, ಬಿಸಿಲು, ಮೈಲುತುತ್ತ

ಏನು ಹಾಳಾದರೂ ಮಳೆಯ ತಲೆಗೆ ಕಟ್ಟುವುದು ನಮ್ಮ ಕಡೆಯ ಅಭ್ಯಾಸ. ಗೋಡೆಯ ಸುಣ್ಣ ಉದುರಿದರೆ ಮಳೆ, ಮಾಡಿನ ಪಕಾಸಿ ಕುಂಬಾದರೆ ಮಳೆ, ಪೆಟ್ಟಿಗೆಯಲ್ಲಿಟ್ಟ ರೇಷ್ಮೆ ಸೀರೆಗೆ ಬೂಷ್ಟು ಹಿಡಿದರೂ ಮಳೆ. ಹೇಳುವುದರಲ್ಲಿ ಸುಳ್ಳೇನೂ ಇಲ್ಲ. ಶೃಂಗೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಸುರಿಯುತ್ತದೆ, ಪಕ್ಕದ ಆಗುಂಬೆಯಲ್ಲಿ 7,000 ದಾಟುತ್ತದೆ. ಹಾಗಾಗಿ ನಮ್ಮ ಕಾರಿನ ಬಣ್ಣ ಎದ್ದಾಗ ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: "ಈ ಮಳೆಗೆ ಇನ್ನೆಂತ ಉಳೀತದೆ ಮಾರಾಯ್ತಿ!" ಆದರೆ ಬಣ್ಣವನ್ನು ಮೊದಲು ಸಡಿಲ ಮಾಡುವುದು ಮಳೆಯಲ್ಲ, ಬಿಸಿಲು. ಇದನ್ನು ನನಗೆ ಹೇಳಿಕೊಟ್ಟವರು ಕೊಪ್ಪದ ಒಬ್ಬ ಪೇಂಟಿಂಗ್ ಮೇಸ್ತ್ರಿ.

ಕಾರು ನಮ್ಮ ಮನೆಗೆ ಬಂದದ್ದೇ ಬಸ್ಸು ಹೋದ ಮೇಲೆ. ಕೊಪ್ಪದ ಸಹಕಾರ ಸಾರಿಗೆಯನ್ನು ನೆನಪಿಟ್ಟುಕೊಳ್ಳದವರು ನಮ್ಮ ಸುತ್ತಿನ ತಾಲ್ಲೂಕುಗಳಲ್ಲಿ ಯಾರಿದ್ದಾರೆ? 1991ರಲ್ಲಿ ಶಂಕರ್ ಕಂಪನಿಯ ಬಸ್ಸುಗಳು ನಿಂತಾಗ ಅದರ ಕಾರ್ಮಿಕರೇ ಒಟ್ಟಾಗಿ ಕಟ್ಟಿಕೊಂಡ ಸಂಸ್ಥೆ ಅದು. ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್ಕುಗಳೇ ಮಾಲೀಕರು. ಬೇರೆ ಯಾವ ಬಸ್ಸೂ ಹೊಕ್ಕದ ಹಳ್ಳಿಗಳಿಗೆ ಹೋಗಿ, ಶಾಲೆ ಮಕ್ಕಳನ್ನು ಹತ್ತಿಸಿಕೊಂಡು, ಅಂಗಡಿಗೆ ಕೊಟ್ಟ ಚೀಟಿಯನ್ನೂ ತಲುಪಿಸುತ್ತಿದ್ದ ಬಸ್ಸುಗಳವು. 2020ರಲ್ಲಿ ಅವೂ ನಿಂತವು. ಗೇಟಿನವರೆಗೆ ಬರುತ್ತಿದ್ದ ಬಸ್ಸು ಇಲ್ಲವಾದ ಮೇಲೆ ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ಯುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರವಾಗಿ ಒಂದು ಕೆಂಪು ಸೆಕೆಂಡ್ ಹ್ಯಾಂಡ್ ಕಾರು ಅಂಗಳಕ್ಕೆ ಬಂತು. ಬೇಕೆಂದು ಕೊಂಡದ್ದಲ್ಲ, ಬೇಕಾಗಿ ಕೊಂಡದ್ದು. ಆದರೂ ಬಂದ ಮೇಲೆ ಅದು ಮನೆಯದೇ ತಾನೆ!

ಒಂದು ಆಷಾಢದ ಗಾಳಿಗೆ ಹಲಸಿನ ಕೊಂಬೆ ಮುರಿದು ಬಾನೆಟ್ಟಿನ ಮೇಲೆ ಬಿತ್ತು. ವಿಮೆಯ ಕೆಲಸವಾದ್ದರಿಂದ ದೊಡ್ಡ ಊರಿನ ದೊಡ್ಡ ಬಾಡಿ ಶಾಪಿಗೇ ಕೊಟ್ಟೆವು. ಹೊಳೆಹೊಳೆಯುವ ಬಾನೆಟ್ಟಿನೊಂದಿಗೆ ಕಾರು ವಾಪಸು ಬಂತು. ಮುಂದಿನ ವರ್ಷದ ಬೇಸಿಗೆ ಕಳೆದು, ಕೆಸರು ಮೆತ್ತಿದ ಕಾರನ್ನು ನೀರಿನ ಪ್ರೆಷರಿಗೆ ಒಡ್ಡಿದಾಗ ಬಾನೆಟ್ಟಿನ ಅಂಚಿನಲ್ಲಿ ಬಣ್ಣ ಬಾಯಿ ಬಿಟ್ಟಿತು. ಉಗುರು ಹಾಕಿ ಎಳೆದರೆ ಮರದಿಂದ ಅಡಿಕೆ ಹಾಳೆ ಕಳಚಿಕೊಳ್ಳುವ ಹಾಗೆ ಅಂಗೈಯಗಲ ಎದ್ದು ಬಂತು. ಕೆಳಗೆ ಕಂಪನಿಯ ಹಳೆಯ ಕೆಂಪು ಬಣ್ಣ ನಯವಾಗಿ, ಏನೂ ಆಗದೆ ಕುಳಿತಿತ್ತು.

ಆ ಶಾಪಿನ ಮ್ಯಾನೇಜರು ಕಾರನ್ನು ಸುತ್ತು ಬಂದು ನೋಡಿ, "ನಿಮ್ಮ ಕಡೆ ಅಡಿಕೆ ತೋಟಕ್ಕೆ ಔಷಧಿ ಹೊಡೀತಾರಲ್ಲ ಮೇಡಂ, ಅದು ಬಿದ್ದಿದೆ. ಕೆಮಿಕಲ್ಲು. ಅದಕ್ಕೆ ನಾವು ಜವಾಬ್ದಾರರಲ್ಲ" ಎಂದರು. ಮಳೆ ಎಂದಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ಔಷಧಿಯೆಂದರೆ ನಮ್ಮ ಮೈಲುತುತ್ತ, ಅದರ ಮೇಲೆ ಹೊರಿಸಿದ್ದನ್ನು ಮಾತ್ರ ನುಂಗಿಕೊಳ್ಳಲು ಆಗಲಿಲ್ಲ.

ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ನಮಗೆ ಅಡುಗೆಯಷ್ಟೇ ಪರಿಚಿತ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮೈಲುತುತ್ತದ ಹುಳಿಯನ್ನು ಸುಣ್ಣ ಕೊಲ್ಲಬೇಕು. ಕೊಂದಿದೆಯೋ ಇಲ್ಲವೋ ಎಂದು ನೋಡಲು ಹಸನಾದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಬರಿ ಕಬ್ಬಿಣದ ಕತ್ತಿಗೇ ಏನೂ ಮಾಡದಂತೆ ಹದ ಮಾಡಿದ ದ್ರಾವಣ, ಗಟ್ಟಿ ಲ್ಯಾಕರ್ ಬಳಿದ ಬಾನೆಟ್ಟನ್ನು ತಿಂದುಹಾಕುತ್ತದೆಯೇ? ಬಿದ್ದಿದ್ದರೆ ನೀಲಿ ಚುಕ್ಕೆ ಉಳಿಯಬೇಕಿತ್ತು, ಬಾಗಿಲಿನ ಮೇಲೂ ಇರಬೇಕಿತ್ತು. ಒಂದು ಚುಕ್ಕೆಯೂ ಇರಲಿಲ್ಲ.

ಈ ದ್ರಾವಣದ ಕತೆಯಲ್ಲೇ ಬಣ್ಣಕ್ಕೂ ಸಲ್ಲುವ ಒಂದು ಪಾಠವಿದೆ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ಕೊಳೆ ರೋಗವನ್ನು ಅಭ್ಯಾಸ ಮಾಡಿದರು. ಅದಕ್ಕೂ ಮೊದಲು ಒಂದೊಂದೇ ಮರ ಹತ್ತಿ ಗೊನೆಗೆ ಕೊಟ್ಟೆ ಕಟ್ಟಿ ಕಾಪಾಡಿಕೊಳ್ಳುತ್ತಿದ್ದರು. ಬೋರ್ಡೋ ದ್ರಾವಣ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಆಗಲೇ ಗೆದ್ದಿತ್ತು. ಆದರೆ ಮಲೆನಾಡಿನ ಮಳೆಗೆ ನುಣುಪಾದ ಅಡಿಕೆ ಕಾಯಿಯ ಮೇಲೆ ಅದು ನಿಲ್ಲಬೇಕಲ್ಲ! ಕೋಲ್ಮನ್ ಅದಕ್ಕೆ ರಾಳ ಮತ್ತು ಸೋಡಾದ ಅಂಟು ಸೇರಿಸಿದರು, ಔಷಧಿ ಕಾಯಿಯನ್ನು ಹಿಡಿದುಕೊಂಡಿತು. ನಮ್ಮ ಹಿರಿಯರು ರಾಳ ಕಾಯಿಸುತ್ತಿದ್ದ ವಾಸನೆ ನನಗಿನ್ನೂ ನೆನಪಿದೆ. ನರಸಿಂಹರಾಜಪುರದ ಕಡೆ ರಬ್ಬರ್ ತೋಟದವರೂ ಮುಂಗಾರಿಗೆ ಮೊದಲು ಮರದ ಕಾಂಡಕ್ಕೆ ಪ್ಲಾಸ್ಟಿಕ್ಕಿನ ಮಳೆಗಾಪು ಅಂಟಿಸುವಾಗ, ತೊಗಟೆಯನ್ನು ಹೆರೆದು ಹಸನು ಮಾಡಿಯೇ ಅಂಟು ಹಚ್ಚುತ್ತಾರೆ. ನೀರಿನ ನಾಡಿನಲ್ಲಿ ಬದುಕುವವರಿಗೆ ಗೊತ್ತು: ಮೇಲೆ ಏನು ಬಳಿದೆವು ಎನ್ನುವುದಕ್ಕಿಂತ ಅದು ಕೆಳಗಿನದನ್ನು ಹೇಗೆ ಹಿಡಿದಿದೆ ಎನ್ನುವುದು ದೊಡ್ಡದು.

ಕೊಪ್ಪದ ಮೇಸ್ತ್ರಿ ಬಾನೆಟ್ಟನ್ನು ನೋಡಿ ಬಾಯಲ್ಲಿ ಏನೂ ಹೇಳಲಿಲ್ಲ. ಬ್ಲೇಡಿನಿಂದ ಸಣ್ಣ ಚೌಕಗಳಾಗಿ ಗೀರಿ, ಮೇಲೆ ಅಂಟುಪಟ್ಟಿ ಒತ್ತಿ, ಒಂದೇ ಎಳೆತಕ್ಕೆ ಕಿತ್ತರು. ಚೌಕಗಳಷ್ಟೂ ಪಟ್ಟಿಗೇ ಬಂದವು. "ಉಜ್ಜಿಲ್ಲ ಅಕ್ಕಾ. ಹಳೆ ಲ್ಯಾಕರಿನ ಹೊಳಪಿನ ಮೇಲೇ ಹೊಡೆದಿದಾರೆ. ಹಿಡೀಲಿಕ್ಕೆ ಅದಕ್ಕೊಂದು ಗೀರಾದರೂ ಬೇಕಲ್ಲ." ಆಮೇಲೆ ಕಾರಿನ ಟಾಪನ್ನು ತೋರಿಸಿದರು. ಅಲ್ಲಿ ಅಲ್ಲಲ್ಲಿ ಬಿಳಿ ಮಚ್ಚೆ ಬಿದ್ದು ಪುಡಿ ಪುಡಿಯಾಗಿತ್ತು. "ಇದು ಬೇರೆ ಕಾಯಿಲೆ. ಇದು ಕಂಪನಿ ಪೇಂಟೇ. ಬಿಸಿಲಿಗೆ ಸತ್ತದ್ದು."

ಬಿಸಿಲಿನ ಈ ಕಾಯಿಲೆ ತಿಳಿಯಲು ಕಾರಿನ ಬಣ್ಣದ ಪದರಗಳನ್ನು ನೋಡಬೇಕು. ಕಾರ್ಖಾನೆಯಲ್ಲಿ ಬಾಡಿಯನ್ನು ಇಡಿಯಾಗಿ ಪ್ರೈಮರಿನ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸುತ್ತಾರೆ. ಆ ಎಪಾಕ್ಸಿ ಪ್ರೈಮರ್ ಸಂದಿಗೊಂದಿಗೂ ಹೊಕ್ಕು ತುಕ್ಕನ್ನು ತಡೆಯುತ್ತದೆ. ಅದರ ಮೇಲೆ ಸರ್ಫೇಸರ್, ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಲ್ಯಾಕರ್. ಎಲ್ಲ ಸೇರಿದರೂ ಸುಮಾರು 100 ಮೈಕ್ರಾನ್, ತಲೆಗೂದಲಿನ ದಪ್ಪಕ್ಕಿಂತ ಸ್ವಲ್ಪ ಹೆಚ್ಚು. ಕಣ್ಣಿಗೆ ಬೀಳುವ ಕೆಂಪು ಅದರಲ್ಲಿ ಬರೀ ಹದಿನೈದು, ಇಪ್ಪತ್ತು ಮೈಕ್ರಾನ್. ಬಿಸಿಲಿನ ನೇರಳಾತೀತ ಕಿರಣಗಳನ್ನು ಲ್ಯಾಕರ್ ತಡೆದುಕೊಳ್ಳಬೇಕು. ವರ್ಷಗಟ್ಟಲೆ ತಡೆದು ತಡೆದು ಅದು ಬಿರಿಯುತ್ತದೆ. ಆ ಬಿರುಕಿಗೆ ನಮ್ಮ ಮಳೆ ಇಳಿಯುತ್ತದೆ. ನಮ್ಮ ಕಡೆ ಮಳೆಯ ನಾಲ್ಕು ತಿಂಗಳನ್ನಷ್ಟೇ ಎಣಿಸುತ್ತೇವೆ. ಡಿಸೆಂಬರಿನಿಂದ ಮೇ ತನಕ ಅಂಗಳಕ್ಕೆ ಬೀಳುವ ಬಿಸಿಲಿನ ಲೆಕ್ಕ ಇಡುವವರಿಲ್ಲ. ಶೃಂಗೇರಿಯ ವಿದ್ಯಾಶಂಕರ ದೇವಸ್ಥಾನ ಕಟ್ಟಿದವರು ಇಟ್ಟಿದ್ದರು. ತುಂಗೆಯ ದಡದ ಆ ಕಲ್ಲುಗುಡಿಯ ಮಂಟಪದಲ್ಲಿ ಹನ್ನೆರಡು ರಾಶಿಕಂಬಗಳಿವೆ, ಸೂರ್ಯ ಯಾವ ರಾಶಿಯಲ್ಲಿದ್ದಾನೋ ಆ ಕಂಬದ ಮೇಲೆ ಬಿಸಿಲು ಬೀಳುತ್ತದೆ ಎನ್ನುತ್ತಾರೆ. ಮಳೆಗೆ ಹೆಸರಾದ ಊರಿನಲ್ಲಿ ಕೂತು ಅಷ್ಟು ಶ್ರದ್ಧೆಯಿಂದ ಬಿಸಿಲನ್ನು ಗಮನಿಸಿದವರ ಬಗ್ಗೆ ನನಗೆ ಅಪಾರ ಗೌರವ.

ಪದರ ತಪ್ಪಿಸಿದರೆ ದೊಡ್ಡ ಕಾರ್ಖಾನೆಯ ಬಣ್ಣವೂ ನಿಲ್ಲುವುದಿಲ್ಲ. ಅಮೆರಿಕದಲ್ಲಿ 1980ರ ದಶಕದ ಕೊನೆಯಲ್ಲಿ ಹಲವು ಮಾದರಿಗಳಿಗೆ ನಡುವಿನ ಸರ್ಫೇಸರ್ ಹೊಡೆಯುವುದನ್ನೇ ಬಿಟ್ಟಿದ್ದರು. ತೆಳು ಬಣ್ಣವನ್ನು ದಾಟಿದ ಬಿಸಿಲು ಎಪಾಕ್ಸಿ ಪ್ರೈಮರಿಗೆ ತಾಗಿತು. ತುಕ್ಕಿಗೆ ಎದೆಗೊಡುವ ಎಪಾಕ್ಸಿಗೆ ಬಿಸಿಲು ಮಾತ್ರ ಆಗಿಬರುವುದಿಲ್ಲ. ಅದು ಪುಡಿಯಾಯಿತು, ಮೇಲಿನ ಬಣ್ಣ ಆಸರೆಯಿಲ್ಲದೆ ಹಾಳೆಹಾಳೆಯಾಗಿ ಹಾರಿತು. 1990ರ ದಶಕದಲ್ಲಿ ಫೋರ್ಡ್ ಕಂಪನಿಯ ಮೇಲೆ ಇದೇ ವಿಷಯಕ್ಕೆ ಮೊಕದ್ದಮೆಗಳು ನಡೆದವು. ಹೊರಗೆ ಕಾಣದ ಒಂದು ಪದರದ ಖರ್ಚು ಉಳಿಸಲು ಹೋಗಿ ಆದದ್ದು ಇದು.

"ಹಾಗಾದರೆ ಮುಂದಿನ ವಾರ ತರಲಾ?" ಎಂದು ಕೇಳಿದೆ. ಆಗ ಪುನರ್ವಸು ಮಳೆ ಹಿಡಿದಿತ್ತು. "ದೀಪಾವಳಿ ಆಗಲಿ" ಎಂದರು ಮೇಸ್ತ್ರಿ. ಕೆಲಸ ತಳ್ಳುವ ಮಾತಲ್ಲ ಅದು. ಥಿನ್ನರ್ ಆರುವಾಗ ತಗಡು ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಬಣ್ಣ ಮಂಜು ಕವಿದ ಹಾಗೆ ಬೆಳ್ಳಗಾಗುತ್ತದೆ. ಕಂಪ್ರೆಸರಿನ ಗಾಳಿಯೊಂದಿಗೂ ನೀರು ಬರುತ್ತದೆ. ಲ್ಯಾಕರಿಗೆ ಬೆರೆಸುವ ಹಾರ್ಡ್ನರ್ ನೀರು ಕಂಡರೆ ಗ್ಯಾಸು ಬಿಟ್ಟು ಗುಳ್ಳೆ ಎಬ್ಬಿಸುತ್ತದೆ. ದೊಡ್ಡ ಊರಿನ ಬೂತುಗಳಲ್ಲಿ ಬಿಸಿಗಾಳಿ ಇರುತ್ತದೆ. ಇವರದು ಮೂರು ಕಡೆ ತಗಡು, ಒಂದು ಕಡೆ ಪರದೆ. ಆ ಶೆಡ್ಡಿನಲ್ಲಿ ಏನು ಸಾಧ್ಯ, ಏನು ಸಾಧ್ಯವಿಲ್ಲ ಎಂದು ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು. ಬಂದ ದುಡ್ಡನ್ನು ಮಳೆಗಾಲದಲ್ಲಿ ಬೇಡವೆನ್ನುವುದು ಸಣ್ಣ ಮಾತಲ್ಲ.

ದರದ ಮಾತು ಬಂದಾಗ ಅವರು ಹಾಕಿದ ಲೆಕ್ಕದಲ್ಲಿ ಬಣ್ಣ, ಲ್ಯಾಕರುಗಳಿಗಿಂತ ಕೂಲಿಯೇ ಹೆಚ್ಚಿತ್ತು. ಹಿಡಿಯದ ಬಣ್ಣವನ್ನೆಲ್ಲ ಕೆರೆದು ತೆಗೆಯಬೇಕು, ಒರಟು ಕಾಗದದಿಂದ ಶುರು ಮಾಡಿ ನಯದ ವಾಟರ್ ಪೇಪರಿನವರೆಗೆ ಉಜ್ಜಬೇಕು, ತಗಡು ಕಂಡಲ್ಲಿ ಎಪಾಕ್ಸಿ ಪ್ರೈಮರ್, ಮೇಲೆ ಸರ್ಫೇಸರ್, ಮತ್ತೆ ಉಜ್ಜುವಿಕೆ. ಪರಿಚಿತರೊಬ್ಬರು ಚೌಕಾಸಿಗೆ ಹುರಿದುಂಬಿಸಿದರು, "ಅಷ್ಟು ಉಜ್ಜಲಿಕ್ಕೆ ಎಂತ ಉಂಟು, ಮೇಲಿಂದ ಒಂದು ಕೋಟು ಹೊಡೆದರೆ ಸಾಕು" ಎಂದರು. ನನಗೆ ಆ ಮಾತು ಸಹಿಸಲಾಗಲಿಲ್ಲ. ಚೌಕಾಸಿ ಮಾಡಿದಾಗ ಕಡಿಮೆಯಾಗುವುದು ಬಣ್ಣವಲ್ಲ, ಈ ಉಜ್ಜುವಿಕೆಯೇ. ಹೊಳಪು ಅಷ್ಟೇ ಬರುತ್ತದೆ, ಒಂದು ಬೇಸಿಗೆ ನಿಲ್ಲುತ್ತದೆ. ದೊಡ್ಡ ಶಾಪಿನಲ್ಲಿ ನಡೆದದ್ದೂ ಅದೇ ಇರಬೇಕು. ಉಜ್ಜುವ ಹುಡುಗನ ಅರ್ಧ ದಿನದ ಕೂಲಿ ಉಳಿಸಿದ್ದರು. ಹೇಳಿದ ದರಕ್ಕೇ ಒಪ್ಪಿದೆವು.

ನನ್ನನ್ನು ಕಾಡಿದ್ದು ಬೇರೆಯೇ. ಮೇಸ್ತ್ರಿ ಮಾತಿನ ನಡುವೆ ಕೆಮ್ಮುತ್ತಿದ್ದರು, ಸ್ಪ್ರೇ ಮಾಡುವಾಗ ಮುಖಕ್ಕೆ ಕಟ್ಟಿಕೊಳ್ಳುವುದು ಕರ್ಚೀಫು. ಹಾರ್ಡ್ನರಿನಲ್ಲಿ ಐಸೊಸಯನೇಟ್ ಇರುತ್ತದೆ. ಪೇಂಟರುಗಳಿಗೆ ಉಬ್ಬಸ ತರುವ ವಸ್ತುಗಳಲ್ಲಿ ಅದು ಮುಖ್ಯ. ಒಮ್ಮೆ ಶ್ವಾಸಕೋಶಕ್ಕೆ ಅದು ಒಗ್ಗದೆ ಹೋಯಿತೆಂದರೆ ಆಮೇಲೆ ತೃಣಮಾತ್ರವೂ ಸಾಕು. ಬಟ್ಟೆ ಅದನ್ನು ತಡೆಯುವುದಿಲ್ಲ. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ತರುವ ಮುಖಗಾಪು ಸರಿಯಾದದ್ದು, ಅದು ಸಿಗದ ಕಡೆ ಕ್ಯಾನಿಸ್ಟರ್ ಇರುವ ಮಾಸ್ಕಾದರೂ ಬೇಕು, ಅದನ್ನು ಕಾಲಕಾಲಕ್ಕೆ ಬದಲಿಸಬೇಕು. ತೋಟಕ್ಕೆ ಔಷಧಿ ಹೊಡೆಯಲು ಮರ ಹತ್ತುವ ಕೊನೆಗೌಡನ ಬಗ್ಗೆ ಎಷ್ಟು ಆತಂಕಪಡುತ್ತೇವೆ! ಈಗೀಗ ನೆಲದಲ್ಲೇ ನಿಂತು ಹೊಡೆಯಲು ಕಾರ್ಬನ್ ಫೈಬರ್ ದೋಟಿಯೂ ಬಂದಿದೆ. ತಗಡಿನ ಶೆಡ್ಡಿನೊಳಗಿನ ಈ ಉಸಿರನ್ನು ಕೇಳುವವರಿಲ್ಲ. ಮಾಸ್ಕಿನ ಖರ್ಚನ್ನು ಬಿಲ್ಲಿಗೇ ಸೇರಿಸಿ ಎಂದೆ. ಮೇಸ್ತ್ರಿ ಸಂಕೋಚಪಟ್ಟರು, ಕೊನೆಗೆ ಸೇರಿಸಿದರು.

ದೊಡ್ಡ ಶಾಪಿಗೆ ಅಂಟುಪಟ್ಟಿಯ ಫೋಟೋಗಳನ್ನೂ ಹಳೆಯ ಬಿಲ್ಲನ್ನೂ ಕಾಗದದೊಂದಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷದ ಅವಧಿ ಇದೆ, ಅದಿನ್ನೂ ಮುಗಿದಿಲ್ಲ ಎಂಬ ಸಾಲೂ ಅದರಲ್ಲಿತ್ತು. ಮತ್ತೆ ಹೊಡೆದು ಕೊಡುತ್ತೇವೆ ಎಂದು ಕರೆ ಬಂತು. ಹಳೆಯದನ್ನು ಕೆರೆದು ತೆಗೆಯುತ್ತೀರಾ ಎಂದು ಕೇಳಿದ್ದಕ್ಕೆ ನೇರ ಉತ್ತರ ಬರಲಿಲ್ಲ. ಹಾಗಿದ್ದರೆ ಹಣವನ್ನೇ ಕೊಡಿ ಎಂದೆ. ಅರ್ಧ ಕೊಟ್ಟರು.

ದೀಪಾವಳಿ ಕಳೆದು ಬಾನೆಟ್ಟು ಮುಗಿಯಿತು. ಹೊಸ ಕೆಂಪಿನ ಪಕ್ಕದಲ್ಲಿ ಬಾಗಿಲು ಸ್ವಲ್ಪ ಮಂಕು. ಅದನ್ನೂ ಬಫಿಂಗ್ ಮಾಡಿ ಹೊಳಪಿಸಬಹುದಲ್ಲ ಎಂದರೆ ಮೇಸ್ತ್ರಿ ಒಪ್ಪಲಿಲ್ಲ. "ಉಜ್ಜಿದಷ್ಟೂ ಲ್ಯಾಕರ್ ತೆಳ್ಳಗಾಗ್ತದೆ ಅಕ್ಕಾ. ಅದು ಇನ್ನೂ ಗಟ್ಟಿ ಉಂಟು, ಇರಲಿ ಬಿಡಿ. ಒಂದು ತಿಂಗಳು ವ್ಯಾಕ್ಸು ಹಾಕಬೇಡಿ, ಹಕ್ಕಿ ಹಿಕ್ಕೆ ಬಿದ್ದರೆ ಅವತ್ತೇ ತೊಳೀರಿ." ಟಾಪಿನ ಕೆಲಸ ಅಡಿಕೆ ಕೊಯ್ಲು ಮುಗಿದು ಕೈಗೆ ಹಣ ಬಂದ ಮೇಲೆ ಎಂದು ಮಾತಾಗಿದೆ, ಅಲ್ಲಿಯವರೆಗೆ ಕಾರು ಕೊಟ್ಟಿಗೆಯ ಮಾಡಿನ ಕೆಳಗೆ. ಮುಂಗಡ ಕೊಡಲು ಹೋದರೆ ಬೇಡವೆಂದು, ಶಿವಮೊಗ್ಗಕ್ಕೆ ಹೋದಾಗ ಮಾಸ್ಕಿನ ಕ್ಯಾನಿಸ್ಟರ್ ಎರಡು ಜೊತೆ ತಂದುಕೊಡಿ ಎಂದರು, ಒಂದು ಅವರಿಗೆ, ಇನ್ನೊಂದು ಉಜ್ಜುವ ಹುಡುಗನಿಗೆ.