ಸೀಸನ್ ಲೆಕ್ಕ: ಊಟಿ ರೈಲು ಮತ್ತು ನಮ್ಮಪ್ಪನ ಗಾಡಿ

1/4

ಬಿಕಾಂ ಪುಸ್ತಕದಲ್ಲಿ ಓದಿದ್ದನ್ನ ಸುತ್ತಮುತ್ತ ಹುಡುಕೋ ಸರಣಿ ಇದು, ಹಳಬರಿಗೆ ಗೊತ್ತು. ಈ ಸಲ ನೀಲಗಿರಿ ಬೆಟ್ಟದ ರೈಲು.

ನಮ್ಮೂರು ಗುಂಡ್ಲುಪೇಟೆ. ಇಲ್ಲಿ ಸೀಸನ್ ಅಂದ್ರೆ ಊಟಿ ಸೀಸನ್ನೇ. ಏಪ್ರಿಲ್, ಮೇನಲ್ಲಿ ಮೊದಲನೇದು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ದಸರಾ ರಜೆ ಜೊತೆ ಎರಡನೇದು. ನಮ್ಮಪ್ಪಂದು ಒಂದು ಯೆಲ್ಲೋ ಬೋರ್ಡ್ ಗಾಡಿ. ಮೈಸೂರಲ್ಲಿ ಜನರನ್ನ ಹತ್ತಿಸ್ಕೊಂಡು, ಬಂಡೀಪುರ ದಾಟಿ ಊಟಿಗೆ ಕರ್ಕೊಂಡು ಹೋಗೋದು ಕೆಲಸ. ಊಟಿಯಲ್ಲಿ ಅವರು ಟ್ರೇನ್ ಹತ್ತಿ ಕೂನೂರಿಗೆ ಹೋಗ್ತಾರೆ. ಅಪ್ಪ ಖಾಲಿ ಗಾಡಿ ಓಡಿಸ್ಕೊಂಡು ರೋಡಲ್ಲಿ ಕೂನೂರಿಗೆ ಹೋಗಿ ಸ್ಟೇಷನ್ ಹತ್ರ ಕಾಯ್ತಾರೆ. ಎಷ್ಟೋ ನೂರು ಜನರನ್ನ ಆ ರೈಲು ಹತ್ತಿಸಿದ್ದಾರೆ, ತಾವು ಒಂದು ಸಲಾನೂ ಹತ್ತಿಲ್ಲ.

ಈ ರೈಲು ಕೂನೂರಿನವರೆಗೆ ಶುರುವಾಗಿದ್ದು 1899ರಲ್ಲಿ, ಊಟಿ ತಲುಪಿದ್ದು 1908ರಲ್ಲಿ. ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 2005ರಲ್ಲಿ. ಒಟ್ಟು ದೂರ ಸುಮಾರು 46 ಕಿ.ಮೀ. ಸಮುದ್ರಮಟ್ಟದಿಂದ 326 ಮೀಟರ್ ಎತ್ತರದ ಮೆಟ್ಟುಪಾಳ್ಯಂನಿಂದ 2,203 ಮೀಟರ್‌ಗೆ ಹತ್ತುತ್ತೆ. ಹತ್ತೋಕೆ ಹತ್ತಿರ ಹತ್ತಿರ 5 ಗಂಟೆ, ಇಳಿಯೋಕೆ ಮೂರೂವರೆ ಗಂಟೆ. ರೀಲ್ಸ್‌ನಲ್ಲಿ ಹೊಗೆ, ಸುರಂಗ, ಟೀ ತೋಟ ಎಲ್ಲ ನೋಡಿರ್ತೀರಿ. ನಾನು ಹೇಳೋಕೆ ಹೊರಟಿರೋದು ರೀಲ್ಸ್ ಬರದ ತಿಂಗಳುಗಳ ಬಗ್ಗೆ.

2/4

ಮೊದಲು ಮಳೆ. ನೀಲಗಿರಿಗೆ ಎರಡು ಮಳೆಗಾಲ. ಜೂನ್‌ನಿಂದ ಬರೋ ನೈಋತ್ಯ ಮಳೆ ಜೋರಾಗಿ ಹೊಡೆಯೋದು ಗೂಡಲೂರಿನ ಕಡೆ, ಅಂದ್ರೆ ಪಶ್ಚಿಮಕ್ಕೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬರೋ ಹಿಂಗಾರು ಹೊಡೆಯೋದು ಪೂರ್ವದ ಇಳಿಜಾರಿಗೆ. ರೈಲು ಹತ್ತೋದು ಆ ಇಳಿಜಾರಲ್ಲೇ.

ಕಲ್ಲಾರಿನಿಂದ ಕೂನೂರಿನ ತನಕ ಹಳಿಯ ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಪ್ರಪಾತ. ರಾತ್ರಿ ಜೋರು ಮಳೆ ಬಂದ್ರೆ ಮಣ್ಣು, ಬಂಡೆ, ಮರ ಎಲ್ಲ ಹಳಿ ಮೇಲೆ. ಮೆಟ್ಟುಪಾಳ್ಯಂ ಟ್ರೇನ್ ಅವತ್ತು ಕ್ಯಾನ್ಸಲ್. ಕೆಲವು ಸಲ ಒಂದು ದಿನ, ಕೆಲವು ಸಲ ವಾರಗಟ್ಟಲೆ. ಮೇಲಿನ ಕೂನೂರು-ಊಟಿ ಭಾಗ ಮಾತ್ರ ಎಷ್ಟೋ ಸಲ ಓಡ್ತಾ ಇರುತ್ತೆ.

ಟಿಕೆಟ್ ಮಾಡಿಸಿದವರು ದುಡ್ಡು ವಾಪಸ್ ತಗೊಂಡು ಸುಮ್ಮನಾಗ್ತಾರೆ. ಆದ್ರೆ ಆಗಲೇ ಟ್ರ್ಯಾಕ್ ಗ್ಯಾಂಗಿನವರ ಕೆಲಸ ಜೋರಾಗೋದು. ಮಣ್ಣು ತೆಗಿಬೇಕು, ಬಂಡೆ ಒಡಿಬೇಕು, ಚರಂಡಿ ಬಿಡಿಸ್ಬೇಕು, ಹಳಿ ಅಲ್ಲಾಡಿದ್ಯಾ ನೋಡ್ಬೇಕು. ಟಿಕೆಟ್‌ನಿಂದ ಒಂದು ರೂಪಾಯಿ ಬರದೇ ಇರೋ ದಿನಾನೇ ಖರ್ಚು ಜಾಸ್ತಿ.

3/4

ಈಗ ಕಾಸ್ಟ್ ಅಕೌಂಟಿಂಗ್. ರೈಲು ಓಡಲಿ ಬಿಡಲಿ, ಕಡಿಮೆ ಆಗದ ಖರ್ಚಿಗೆ ಸ್ಥಿರ ವೆಚ್ಚ ಅಂತಾರೆ. ಈ ಲೈನಲ್ಲಿ ಹೆಚ್ಚಿನದೆಲ್ಲ ಅದೇ. 16 ಸುರಂಗ, 250 ಸೇತುವೆ. ಅವು ಮೇ ತಿಂಗಳಲ್ಲಿ ಎಷ್ಟಿದ್ವೋ ನವೆಂಬರ್‌ನಲ್ಲೂ ಅಷ್ಟೇ ಇರ್ತವೆ.

ಕಲ್ಲಾರಿನಿಂದ ಏರು ಎಷ್ಟು ಕಡಿದು ಅಂದ್ರೆ ಸುಮಾರು 12 ಮೀಟರ್ ಮುಂದಕ್ಕೆ ಹೋದ್ರೆ 1 ಮೀಟರ್ ಮೇಲಕ್ಕೆ. ಬರೀ ಚಕ್ರ ಸಾಲಲ್ಲ, ಜಾರುತ್ತೆ. ಅದಕ್ಕೇ ಎರಡು ಹಳಿಗಳ ನಡುವೆ ಹಲ್ಲಿರೋ ಕಬ್ಬಿಣದ ಪಟ್ಟಿ. ಎಂಜಿನ್ ಕೆಳಗಿರೋ ಹಲ್ಲಿನ ಚಕ್ರ ಅದನ್ನ ಕಚ್ಕೊಂಡು ಹತ್ತುತ್ತೆ. ಭಾರತದಲ್ಲಿ ಹೀಗೆ ಹತ್ತೋ ರೈಲು ಇದೊಂದೇ. ಎಂಜಿನ್ ಮುಂದೆ ಇರಲ್ಲ, ಹಿಂದೆ ನಿಂತು ತಳ್ಳುತ್ತೆ. ಬೋಗಿಗಳಲ್ಲಿ ಬ್ರೇಕ್ ಹಾಕೋಕೆ ಅಂತಾನೇ ಜನ ಬೇರೆ ನಿಂತಿರ್ತಾರೆ. ಹಳೇ ಎಂಜಿನ್‌ಗಳು ಸ್ವಿಟ್ಜರ್ಲೆಂಡಿನವು. ಆಮೇಲೆ ಕೆಲವನ್ನ ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ವರ್ಕ್‌ಶಾಪಲ್ಲಿ ಹೊಸದಾಗಿ ಕಟ್ಟಿದ್ರು. ಯಾವ ಭಾಗ ಹೋದ್ರೂ ಅಂಗಡಿಗೆ ಹೋಗಿ ತರೋಕಾಗಲ್ಲ, ಮಾಡಿಸ್ಬೇಕು.

ಹಾಗಾದ್ರೆ ಸೀಸನ್‌ನಲ್ಲಿ ಬೋಗಿ ಜಾಸ್ತಿ ಮಾಡಿ ದುಡ್ಕೊಳ್ಳಬಾರದಾ? ಆಗಲ್ಲ. ಒಂದು ಎಂಜಿನ್ ಆ ಏರಲ್ಲಿ ತಳ್ಳೋದು ಕೆಲವೇ ಬೋಗಿ. ಹಳಿಯೂ ಒಂಟಿ. ಬೇಸಿಗೆಯಲ್ಲಿ ಹೆಚ್ಚು ರೇಟಿಗೆ ಸ್ಪೆಷಲ್ ಟ್ರೇನ್ ಬಿಡ್ತಾರೆ, ಅಷ್ಟೇ. ಫ್ಲವರ್ ಶೋಗೆ ಎಷ್ಟೇ ಜನ ಬಂದ್ರೂ ರೈಲು ತನ್ನ ಅಳತೆ ಬಿಟ್ಟು ಬೆಳೆಯಲ್ಲ. ಬರೀ ಟಿಕೆಟ್ ದುಡ್ಡಲ್ಲಿ ಬದುಕೋ ಲೈನ್ ಅಲ್ಲ ಇದು. ಉಳಿದಿದ್ದನ್ನ ರೈಲ್ವೆ ತುಂಬುತ್ತೆ. ಪರಂಪರೆ ಅಂದ್ರೆ ಲೆಕ್ಕದ ಭಾಷೆಯಲ್ಲಿ ನನಗೆ ಅರ್ಥ ಆಗಿದ್ದು ಇಷ್ಟು: ಖಾಲಿ ತಿಂಗಳುಗಳ ಖರ್ಚನ್ನ ಯಾರೋ ಒಬ್ಬರು ಒಪ್ಕೊಂಡಿದ್ದಾರೆ.

4/4

ನಮ್ಮನೆ ಖಾಲಿ ತಿಂಗಳುಗಳನ್ನ ಯಾರೂ ಒಪ್ಕೊಂಡಿಲ್ಲ.

ಮೇನಲ್ಲಿ ಫೋನ್ ಬಿಡುವಿಲ್ಲದೆ ಹೊಡ್ಕೊಳ್ತಿದ್ದಾಗ ಅಪ್ಪನಿಗೆ ಎರಡನೇ ಗಾಡಿ ಆಸೆ ಬಂತು. ಡೌನ್ ಪೇಮೆಂಟ್‌ಗೆ ಇದ್ದ ದುಡ್ಡು ಅಂದ್ರೆ ನನ್ನ ಫೈನಲ್ ಇಯರ್ ಫೀಸು, ಹಾಸ್ಟೆಲ್ ಫೀಸು ಸೇರಿದ್ದೇ. "ಸೀಸನ್‌ನಲ್ಲಿ ಹುಟ್ಟುತ್ತೆ ಬಿಡವ್ವ" ಅಂದ್ರು.

ಅವತ್ತು ರಾತ್ರಿ ಇಬ್ಬರೂ ಕೂತು ನನ್ನ ನೋಟ್ಸ್‌ನ ಹಿಂದಿನ ಹಾಳೆಯಲ್ಲಿ ಬರೆದ್ವಿ. ಇಎಂಐ ತಿಂಗಳಿಗೆ 17,000, ವರ್ಷಕ್ಕೆ 2,04,000. ಡೀಸೆಲ್, ಡ್ರೈವರ್ ಸಂಬಳ ಕಳೆದು ಸೀಸನ್‌ನಲ್ಲಿ ತಿಂಗಳಿಗೆ 45,000 ಉಳಿದ್ರೂ ಏಪ್ರಿಲ್, ಮೇ ಸೇರಿ 90,000. ಬಾಕಿ 1,14,000 ಉಳಿದ ಹತ್ತು ತಿಂಗಳಲ್ಲಿ ಬರಬೇಕು. ಇನ್ಶೂರೆನ್ಸ್, ಎಫ್‌ಸಿ, ತಮಿಳುನಾಡಿನ ಟ್ಯಾಕ್ಸ್ ಇನ್ನೂ ಸೇರಿಸೇ ಇಲ್ಲ. ಕಳೆದ ನವೆಂಬರ್‌ನಲ್ಲಿ ಅಪ್ಪನಿಗೆ ಬಂದಿದ್ದು ಮೂರೇ ಟ್ರಿಪ್.

ಇನ್ನೂ ಒಂದಿದೆ. 2024ರ ಮೇನಿಂದ ನೀಲಗಿರಿಗೆ ಇ-ಪಾಸ್ ಬೇಕು, ಮದ್ರಾಸ್ ಹೈಕೋರ್ಟ್ ಆದೇಶ. 2025ರ ಬೇಸಿಗೆಗೆ ದಿನಕ್ಕೆ 6,000 ಗಾಡಿ, ವಾರದ ಕೊನೆಗೆ 8,000 ಅಂತ ಮಿತಿನೂ ಹಾಕಿದ್ರು. ಬೆಟ್ಟದ ದೃಷ್ಟಿಯಿಂದ ಅದು ಸರಿ ಅಂತಾನೇ ನನಗನ್ಸುತ್ತೆ. ಅಪ್ಪನ ಮುಂದೆ ಹೇಳೋದು ಮಾತ್ರ ಕಷ್ಟ. ರೈಲಿಗೆ ಏರು ಮಿತಿ ಹಾಕಿತ್ತು, ಈಗ ರೋಡಿಗೂ ಮಿತಿ ಬಂತು. ಅಂದ್ಮೇಲೆ ಗಾಡಿ ಎರಡಾದ ಮಾತ್ರಕ್ಕೆ ಸೀಸನ್ ಎರಡಾಗಲ್ಲ.

"ಅಪ್ಪ, ಮೇ ತಿಂಗಳ ಜನ ನೋಡಿ ಗಾಡಿ ತಗೋಬೇಡಿ, ನವೆಂಬರ್ ನೋಡಿ ತಗೊಳ್ಳಿ" ಅಂದೆ.

"ರೈಲಿಗೆ ಸರ್ಕಾರ ಐತೆ ಕಣವ್ವ, ನಮಗ್ಯಾರವ್ರೆ?" ಅಂದ್ರು.

ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಅದೇ ಹಾಳೆಯಲ್ಲಿ ಇನ್ನೊಂದು ಕಾಲಂ ಎಳೆದೆ: ಸೀಸನ್‌ನ ಪ್ರತಿ ಟ್ರಿಪ್‌ನಿಂದ 500 ರೂಪಾಯಿ ಬೇರೆ ಅಕೌಂಟಿಗೆ, ಅಕ್ಟೋಬರ್ ಮುಗಿಯೋ ತನಕ ಮುಟ್ಟೋ ಹಾಗಿಲ್ಲ. ಅಪ್ಪ ಖುಷಿಯಿಂದ ಒಪ್ಪಲಿಲ್ಲ. ಎರಡು ದಿನ ಮಾತೂ ಕಮ್ಮಿ ಆಯ್ತು. ಮೂರನೇ ದಿನ ಟ್ರಿಪ್ ಮುಗಿಸಿ ಬಂದು 500ರ ನೋಟು ಅಮ್ಮನ ಕೈಗೆ ಕೊಟ್ಟು, "ಅವಳ ಕಾಲಂಗೆ ಹಾಕು" ಅಂದ್ರು. ಈ ವರ್ಷಕ್ಕೆ ಎರಡನೇ ಗಾಡಿ ಇಲ್ಲ, ಫೀಸು ಕಟ್ಟಿದ್ದೀವಿ. ಮುಂದಿನ ವರ್ಷ ಏನು ಅಂತ ಡಿಸೆಂಬರ್ ಮಳೆ ನಿಂತ ಮೇಲೆ ಮತ್ತೆ ಕೂತ್ಕೋತೀವಿ.

ನಿಮ್ಮನೇಲೂ ಸೀಸನ್ ದುಡಿಮೆ ಇದ್ಯಾ? ಮಾವು, ಮದುವೆ ಅಡುಗೆ, ಶಾಮಿಯಾನ, ಟೂರಿಸ್ಟ್ ಗಾಡಿ, ಏನೇ ಇರಲಿ. ಖಾಲಿ ತಿಂಗಳುಗಳನ್ನ ಹೇಗೆ ದಾಟ್ತೀರಿ ಅಂತ ಕಾಮೆಂಟಲ್ಲಿ ಬರೀರಿ. ಅಪ್ಪನಿಗೂ ಓದಿ ಹೇಳ್ತೀನಿ.

#ಸೀಸನ್‌ಲೆಕ್ಕ #ನೀಲಗಿರಿರೈಲು #ಗುಂಡ್ಲುಪೇಟೆ #ಬಿಕಾಂಡೈರಿ