ನಟ್ಟು ಬಿಗಿಯುವ ಲೆಕ್ಕ

ಅಡುಗೆಗೆ ಉಪ್ಪು ಹಾಕುವವರು ತಕ್ಕಡಿ ಹಿಡಿಯುವುದಿಲ್ಲ. ನುರಿತ ಬಡಗಿ ಎಷ್ಟೋ ಕೆಲಸಗಳನ್ನು ಕಣ್ಣಳತೆಯಲ್ಲೇ ಮುಗಿಸುತ್ತಾನೆ. ಕೈಯಳತೆ, ಕಣ್ಣಳತೆಗಳ ಬಗ್ಗೆ ನಮ್ಮಲ್ಲಿ ಗೌರವವಿರುವುದು ಸಹಜವೇ. ಆದರೆ ಕಾರಿನ ಚಕ್ರದ ನಟ್ಟನ್ನು ಎಷ್ಟು ಬಿಗಿಯಬೇಕು ಎಂಬ ಪ್ರಶ್ನೆಗೆ "ಕೈಗೇ ಗೊತ್ತಾಗುತ್ತದೆ" ಎಂಬ ಉತ್ತರ ಸಾಕೇ? ಸಾಲದು ಎಂಬುದು ನನ್ನ ಅಭಿಪ್ರಾಯ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೂ ಬಂಧುಗಳಲ್ಲಿಯೂ ವಾಹನದ ಚಿಕ್ಕಪುಟ್ಟ ಕೆಲಸಗಳನ್ನು ಮನೆಯಂಗಳದಲ್ಲೇ ಮಾಡಿಕೊಳ್ಳುವವರು ಕೆಲವರಿದ್ದಾರೆ. ಅವರಿಗಾಗಿ, ಟಾರ್ಕ್ ರೆಂಚ್ ಎಂಬ ಸಾಧನವನ್ನು ಮಿತವಾದ ಖರ್ಚಿನಲ್ಲಿ ಆರಿಸಿಕೊಳ್ಳುವ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಇದನ್ನು ಕೊಳ್ಳಲು ಒಂದು ಕಾರಣವಿದೆ. ಎರಡು ವರ್ಷಗಳ ಹಿಂದೆ ಹಾವೇರಿಯಿಂದ ಶಾಮನೂರಿಗೆ ಮರಳುತ್ತಿದ್ದಾಗ, ರಾಣೆಬೆನ್ನೂರು ದಾಟಿದ ಮೇಲೆ ಹೆದ್ದಾರಿಯಲ್ಲಿ ಕಾರಿನ ಚಕ್ರ ಪಂಕ್ಚರ್ ಆಯಿತು. ಮುಸ್ಸಂಜೆಯ ಹೊತ್ತು. ಸ್ಟೆಪ್ನಿಯಿತ್ತು, ಜ್ಯಾಕ್ ಇತ್ತು, ನಟ್ಟು ಬಿಚ್ಚುವ ಪಾನವೂ ಇತ್ತು. ಆದರೆ ನಟ್ಟುಗಳು ಮಾತ್ರ ಕದಲಲಿಲ್ಲ. ಹದಿನೈದು ದಿನಗಳ ಹಿಂದೆ ಒಂದು ಟೈರಿನ ಅಂಗಡಿಯಲ್ಲಿ ಗಾಳಿಯ ಗನ್ನಿನಿಂದ ಅವುಗಳನ್ನು ಬಿಗಿದಿದ್ದರು. ಮುಕ್ಕಾಲು ಗಂಟೆ ನನ್ನ ಪತ್ನಿ ರಸ್ತೆಯ ಅಂಚಿನಲ್ಲಿ ಟಾರ್ಚು ಹಿಡಿದು ನಿಂತಿದ್ದರು. ಮಾರು ದೂರದಲ್ಲಿ ಲಾರಿಗಳು ಹಾದುಹೋಗುತ್ತಿದ್ದವು. ಕೊನೆಗೆ ಒಬ್ಬ ಲಾರಿ ಚಾಲಕರು ನಿಲ್ಲಿಸಿ, ಉದ್ದನೆಯ ಕಬ್ಬಿಣದ ಪೈಪನ್ನು ಪಾನಕ್ಕೆ ಸಿಕ್ಕಿಸಿ, ಅದರ ಮೇಲೆ ನಿಂತು ನಟ್ಟುಗಳನ್ನು ಬಿಡಿಸಿಕೊಟ್ಟರು. ನಾಲ್ಕರಲ್ಲಿ ಒಂದರ ಸ್ಟಡ್ ಮುರಿದೇ ಹೋಯಿತು. ಸಡಿಲವಾದ ನಟ್ಟು ಅಪಾಯಕಾರಿ ಎಂಬುದು ಎಲ್ಲರಿಗೂ ತಿಳಿದ ಮಾತು. ಅತಿಯಾಗಿ ಬಿಗಿದದ್ದೂ ಅಷ್ಟೇ ಅಪಾಯಕಾರಿ ಎಂಬುದನ್ನು ಆ ಸಂಜೆ ಕಣ್ಣಾರೆ ಕಂಡೆವು. ಅತಿಯಾದರೆ ಅಮೃತವೂ ವಿಷ ಎಂದು ಹಿರಿಯರು ಹೇಳಿದ್ದು ನಟ್ಟಿಗೂ ಅನ್ವಯಿಸುತ್ತದೆ.

ಇನ್ನು ಸ್ವಲ್ಪ ಪಾಠ. ಮೇಷ್ಟ್ರ ಚಾಳಿ ಬಿಡುವುದಿಲ್ಲವೆಂದು ನೀವು ನಕ್ಕರೂ ಸರಿಯೇ. ಬಲವನ್ನು, ಅದು ತಿರುಗುವ ಕೇಂದ್ರದಿಂದ ಎಷ್ಟು ದೂರದಲ್ಲಿ ವರ್ತಿಸುತ್ತದೆಯೋ ಆ ದೂರದಿಂದ ಗುಣಿಸಿದರೆ ದೊರೆಯುವುದೇ ಟಾರ್ಕ್, ಅಂದರೆ ತಿರುಗಿಸುವ ಸಾಮರ್ಥ್ಯದ ಅಳತೆ. ನನ್ನ ಕಾರಿನ ಕೈಪಿಡಿ ಚಕ್ರದ ನಟ್ಟಿಗೆ 85 ನ್ಯೂಟನ್ ಮೀಟರ್ ಎಂದು ಹೇಳುತ್ತದೆ. 25 ಸೆಂಟಿಮೀಟರ್ ಉದ್ದದ ಪಾನದ ತುದಿಯಲ್ಲಿ ಸುಮಾರು 35 ಕಿಲೋ ತೂಕದಷ್ಟು ಒತ್ತಿದರೆ ಇಷ್ಟಾಗುತ್ತದೆ. ಪಾನದ ಉದ್ದ ಅರ್ಧ ಮೀಟರ್ ಆದರೆ ಹದಿನೇಳೂವರೆ ಕಿಲೋ ಸಾಕು. ಬಿಗಿದಾಗ ಸ್ಟಡ್ ಸ್ಪ್ರಿಂಗಿನಂತೆ ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ. ಆ ಹಿಗ್ಗುವಿಕೆಯೇ ಚಕ್ರವನ್ನು ಒತ್ತಿ ಹಿಡಿಯುತ್ತದೆ. ಕಡಿಮೆ ಹಿಗ್ಗಿದರೆ ನಟ್ಟು ಅಲುಗಾಡಿ ಕಳಚುತ್ತದೆ, ಮಿತಿ ಮೀರಿ ಹಿಗ್ಗಿದರೆ ಸ್ಟಡ್ ಸೋತು ಮುರಿಯುತ್ತದೆ. ನಾವು ಹಾಕುವ ಶ್ರಮದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಘರ್ಷಣೆಗೇ ಖರ್ಚಾಗುತ್ತದೆ. ಸ್ಟಡ್ಡನ್ನು ಹಿಗ್ಗಿಸಲು ಉಳಿಯುವುದು ಒಂದು ಪಾಲು ಮಾತ್ರ. ಆದ್ದರಿಂದಲೇ ಥ್ರೆಡ್ಡಿಗೆ ಎಣ್ಣೆ ಸವರಿದರೆ, ಅಷ್ಟೇ ಟಾರ್ಕಿಗೆ ಸ್ಟಡ್ ಬಹಳ ಹೆಚ್ಚು ಹಿಗ್ಗುತ್ತದೆ. ಕೈಪಿಡಿಯಲ್ಲಿ ಹೇಳದ ಹೊರತು ಅಲ್ಲಿ ಎಣ್ಣೆ, ಗ್ರೀಸು ಬೇಡ.

ಹಾಗಾದರೆ ಅನುಭವಸ್ಥರ ಕೈಯ ಗತಿಯೇನು? ನಮ್ಮ ನೆರೆಯಲ್ಲಿ ಹರಿಹರದ ಮೈಸೂರು ಕಿರ್ಲೋಸ್ಕರಿನಲ್ಲಿ ದುಡಿದ ಹಿರಿಯರೊಬ್ಬರಿದ್ದಾರೆ. 1941ರಲ್ಲಿ ಆರಂಭವಾದ ಆ ಕಾರ್ಖಾನೆಯ ಲೇತುಗಳು ಒಂದು ಕಾಲಕ್ಕೆ ದೇಶದ ಮೂಲೆಮೂಲೆಗೂ ಹೋಗುತ್ತಿದ್ದವು. ಕಾರ್ಖಾನೆ ಮುಚ್ಚಿ ಎರಡು ದಶಕಗಳೇ ಕಳೆದಿವೆ. ಅವರ ಬಳಿ ಮುಳ್ಳಿರುವ ಹಳೆಯ ಟಾರ್ಕ್ ರೆಂಚ್ ಒಂದಿದೆ. ಒಂದು ದಿನ ಅದರ ಮಾಪಕ ಅವರಿಗೆ ಕಾಣದಂತೆ ರಟ್ಟು ಹಿಡಿದು, "ನಿಮ್ಮ ಅಂದಾಜಿನಲ್ಲಿ ಎಂಬತ್ತೈದು ಬರುವಷ್ಟು ಬಿಗಿಯಿರಿ" ಎಂದೆ. ಮೂರು ಬಾರಿ ಬಿಗಿದರು. ಮುಳ್ಳು ತೋರಿಸಿದ್ದು ಕ್ರಮವಾಗಿ 70, 96 ಮತ್ತು 78. ಅವರು ಕೈಯನ್ನೊಮ್ಮೆ ತಿರುವಿ ನೋಡಿಕೊಂಡು, "ಕೈ ಏನೂ ಮರೆತಿಲ್ಲ ಮೇಷ್ಟ್ರೇ, ಆದ್ರೆ ಕೈಗೂ ವಯಸ್ಸಾಗುತ್ತಲ್ಲ" ಎಂದರು. ನಾಲ್ಕು ದಶಕ ಲೋಹದೊಡನೆ ಬಾಳಿದ ಕೈಯ ಮಾತು ಹೀಗಾದರೆ, ಸೀಮೆಸುಣ್ಣ ಹಿಡಿದ ನಮ್ಮಂಥವರ ಕೈಯನ್ನು ನಂಬುವುದೆಂತು?

ಈಗ ಆಯ್ಕೆಯ ಮಾತು. ಟಾರ್ಕ್ ರೆಂಚುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಮುಳ್ಳಿನದು. ಬಲ ಹಾಕಿದಾಗ ಅದರ ಸರಳು ಬಾಗುತ್ತದೆ, ಮುಳ್ಳು ಮಾಪಕದ ಮೇಲೆ ಅಳತೆ ತೋರಿಸುತ್ತದೆ. ಕೆಡುವ ಭಾಗಗಳೇ ಇಲ್ಲವೆನ್ನಬಹುದು. ಮುಳ್ಳು ಸೊನ್ನೆಯಲ್ಲಿ ನಿಂತಿದೆಯೇ ಎಂದು ನೋಡಿದರೆ ಅದರ ಆರೋಗ್ಯ ತಿಳಿಯುತ್ತದೆ. ಆದರೆ ನೇರವಾಗಿ ಮೇಲಿನಿಂದ ನೋಡಬೇಕು. ಓರೆಯಾಗಿ ನೋಡಿದರೆ ಓದುವುದರಲ್ಲಿ ತಪ್ಪಾಗುತ್ತದೆ. ಎರಡನೆಯದು ಹಿಡಿಯನ್ನು ತಿರುಗಿಸಿ ಬೇಕಾದ ಅಂಕಿಗೆ ಹೊಂದಿಸುವಂಥದು. ಆ ಮಟ್ಟ ಮುಟ್ಟಿದೊಡನೆ 'ಟಕ್' ಎನ್ನುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಸದ್ದಾದ ಮೇಲೂ ಎಳೆದರೆ ಅದು ತಡೆಯುವುದಿಲ್ಲ. ಮೂರನೆಯದು ಬ್ಯಾಟರಿಯ ಡಿಜಿಟಲ್ ಸಾಧನ. ವರ್ಷದಲ್ಲಿ ನಾಲ್ಕಾರು ಬಾರಿ ಬಳಸುವವರಿಗೆ ಅಷ್ಟು ಖರ್ಚು ಅನಾವಶ್ಯಕ. ನಾನು ಆರಿಸಿದ್ದು ಎರಡನೆಯ ಬಗೆಯನ್ನು. ಬೆಲೆ ಸುಮಾರು ಎರಡು ಸಾವಿರ ರೂಪಾಯಿ.

ಬೆಲೆಗಿಂತ ಮೊದಲು ವ್ಯಾಪ್ತಿಯನ್ನು ನೋಡಿರಿ. ಅರ್ಧ ಇಂಚಿನ ಚೌಕ ತುದಿಯುಳ್ಳ, 40ರಿಂದ 210 ನ್ಯೂಟನ್ ಮೀಟರಿನವರೆಗಿನ ರೆಂಚ್ ಕಾರಿನ ಚಕ್ರಕ್ಕೆ ಸರಿಯಾಗುತ್ತದೆ. ಆದರೆ ಸುಮಾರು 10 ನ್ಯೂಟನ್ ಮೀಟರಿಗೆ ಬಿಗಿಯಬೇಕಾದ ಬೈಕಿನ ಸಣ್ಣ ಬೋಲ್ಟುಗಳಿಗೆ ಅದನ್ನು ಬಳಸಿದರೆ, ಕೆಳಮಟ್ಟದಲ್ಲಿ ಅದಕ್ಕೆ ಏನೂ ತಿಳಿಯದೆ, ಥ್ರೆಡ್ ಹಾಳಾದ ಮೇಲೂ ಸುಮ್ಮನಿರುತ್ತದೆ. ಅವಕ್ಕೆ 5ರಿಂದ 25ರ ವ್ಯಾಪ್ತಿಯ ಚಿಕ್ಕದೇ ಬೇಕು. ಮಾನಗಳ ವಿಷಯದಲ್ಲಿಯೂ ಎಚ್ಚರವಿರಲಿ. ಒಂದೇ ಹಿಡಿಯ ಮೇಲೆ ನ್ಯೂಟನ್ ಮೀಟರ್, ಪೌಂಡ್ ಅಡಿ ಎರಡೂ ಇರುತ್ತವೆ. 85 ಪೌಂಡ್ ಅಡಿಯೆಂದರೆ ಸುಮಾರು 115 ನ್ಯೂಟನ್ ಮೀಟರ್! ಪೆಟ್ಟಿಗೆಯಲ್ಲಿರುವ ಪರೀಕ್ಷಾ ಪತ್ರವನ್ನೂ ಓದಿರಿ. ಅದರಲ್ಲಿ ನಿಮ್ಮ ಸಾಧನದ ಕ್ರಮಸಂಖ್ಯೆಯೂ ಅಳೆದ ಅಂಕಿಗಳೂ ಇದ್ದರೆ ಅದಕ್ಕೆ ಬೆಲೆಯುಂಟು. ಇಲ್ಲವಾದರೆ ಅದು ಬರೀ ಅಚ್ಚಾದ ಕಾಗದ.

ಕಡಿಮೆ ಬೆಲೆಯದನ್ನು ನಂಬುವುದು ಹೇಗೆ? ನಂಬುವ ಅಗತ್ಯವಿಲ್ಲ, ಪರೀಕ್ಷಿಸಿದರಾಯಿತು. ಕಿರಾಣಿ ಅಂಗಡಿಯ ತಕ್ಕಡಿಯನ್ನು ಸರ್ಕಾರ ಪರೀಕ್ಷಿಸಿ ಮುದ್ರೆ ಹಾಕುತ್ತದೆ. ಮನೆಯ ಟಾರ್ಕ್ ರೆಂಚಿಗೆ ನಾವೇ ಪರೀಕ್ಷಕರಾಗಬೇಕು. ನೆರೆಯ ಹಿರಿಯರ ಮನೆಯ ವೈಸಿನಲ್ಲಿ ರೆಂಚಿನ ಚೌಕ ತುದಿಯನ್ನು ಕಚ್ಚಿಸಿ, ಹಿಡಿ ಅಡ್ಡಲಾಗಿ ಇರುವಂತೆ ನಿಲ್ಲಿಸಿದೆವು. 80ಕ್ಕೆ ಹೊಂದಿಸಿ, ಎಣ್ಣೆ ಒಳಗೆಲ್ಲ ಹರಡಲೆಂದು ಮೊದಲು ನಾಲ್ಕೈದು ಬಾರಿ 'ಟಕ್' ಎನಿಸಿದೆವು. ಚೌಕದ ಕೇಂದ್ರದಿಂದ ಸರಿಯಾಗಿ 40 ಸೆಂಟಿಮೀಟರ್ ದೂರದಲ್ಲಿ, ಹಿಡಿಯ ನಡುವೆ ಬಕೆಟ್ಟು ತೂಗುಹಾಕಿ, ಲೋಟದಿಂದ ಮೆಲ್ಲಗೆ ನೀರು ಸುರಿಯುತ್ತ ಹೋದೆವು. 'ಟಕ್' ಎಂದಾಗ ಬಕೆಟ್ಟನ್ನು ಇಳಿಸಿ ತೂಗಿದರೆ 20 ಕಿಲೋ 200 ಗ್ರಾಂ. 20.2ನ್ನು 9.8ರಿಂದಲೂ 0.4ರಿಂದಲೂ ಗುಣಿಸಿದರೆ 79.2. ರೆಂಚಿನ ಸ್ವಂತ ತೂಕ ಒಂದೂವರೆ ಕಿಲೋ; ಅದರ ಗುರುತ್ವ ಕೇಂದ್ರ 20 ಸೆಂಟಿಮೀಟರ್ ದೂರದಲ್ಲಿದ್ದುದರಿಂದ ಇನ್ನೂ 2.9 ಸೇರಿಸಬೇಕು. ಒಟ್ಟು 82.1. ವ್ಯತ್ಯಾಸ ಶೇಕಡಾ 3ಕ್ಕಿಂತ ಕಡಿಮೆ. ಈ ಬಗೆಯ ಸಾಧನಕ್ಕೆ ಐಎಸ್‌ಒ 6789 ಎಂಬ ಅಂತರರಾಷ್ಟ್ರೀಯ ಮಾನಕ ಒಪ್ಪುವ ವ್ಯತ್ಯಾಸ ಶೇಕಡಾ 4. ಮತ್ತೆ ಮೂರು ಬಾರಿ ಮಾಡಿದಾಗಲೂ ಹೆಚ್ಚು ಕಡಿಮೆ ಅಷ್ಟೇ ಬಂತು. ನಮ್ಮ ಎರಡು ಸಾವಿರದ ರೆಂಚ್ ಪಾಸಾಯಿತು! ಪ್ರಯೋಗಾಲಯದ ಪರೀಕ್ಷೆಗೆ ಇದು ಸಮನಲ್ಲ, ಆದರೆ ಸುಳ್ಳು ಹೇಳುವ ಸಾಧನವನ್ನು ಹಿಡಿಯಲು ಸಾಕು.

ಬಳಸುವಾಗ ಕೆಲವು ನಿಯಮಗಳಿವೆ. ನಟ್ಟು ಬಿಚ್ಚಲು ಇದನ್ನು ಎಂದಿಗೂ ಬಳಸಬೇಡಿರಿ, ಅದಕ್ಕೆ ಸಾಮಾನ್ಯ ಪಾನವಿದೆ. ಒಂದರ ಪಕ್ಕದ ಇನ್ನೊಂದನ್ನಲ್ಲ, ಎದುರುಬದುರಿನ ನಟ್ಟುಗಳನ್ನು ಕ್ರಮವಾಗಿ ಬಿಗಿಯಿರಿ. ಕೊನೆಯ ಬಿಗಿತ ಚಕ್ರ ನೆಲಕ್ಕಿಳಿದ ಮೇಲೆ. ಹಿಡಿಯ ನಡುಭಾಗವನ್ನೇ ಹಿಡಿದು ನಿಧಾನವಾಗಿ ಎಳೆಯಿರಿ. ಕೆಲಸ ಮುಗಿದ ಮೇಲೆ ಮಾಪಕವನ್ನು ಅದರ ಕನಿಷ್ಠ ಅಂಕಿಗೆ ಇಳಿಸಿಡಿ, ಇಲ್ಲದಿದ್ದರೆ ಒಳಗಿನ ಸ್ಪ್ರಿಂಗ್ ಸೋಲುತ್ತದೆ. ಚಕ್ರ ಬದಲಿಸಿ ಐವತ್ತು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿರಿ. ಟೈರಿನ ಅಂಗಡಿಗೆ ಹೋದಾಗ, ಗನ್ನಿನ ಬದಲು ಕೈಯಲ್ಲಿ ಬಿಗಿಯಲು ವಿನಯದಿಂದ ಕೇಳಿರಿ. ಮನೆಗೆ ಬಂದು ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ ಟಾರ್ಕ್ ರೆಂಚಿನಿಂದ ಮತ್ತೆ ಬಿಗಿಯಲು ಹತ್ತು ನಿಮಿಷ ಸಾಕು.

ಈಗ ನಮ್ಮ ಕಾರಿನ ನಟ್ಟುಗಳನ್ನು ನನ್ನ ಪತ್ನಿಯೂ ಪಾನದ ಮೇಲೆ ಕಾಲೊತ್ತಿ ಬಿಚ್ಚಬಲ್ಲರು. ನಾವಿಬ್ಬರೂ ಪ್ರಯತ್ನಿಸಿ ನೋಡಿಯೇ ಖಚಿತಪಡಿಸಿಕೊಂಡಿದ್ದೇವೆ. ದಾವಣಗೆರೆಯ ಕಡೆ ಬಂದವರು ಮನೆಗೆ ಬನ್ನಿ. ನಿಮ್ಮ ವಾಹನದ ಕೈಪಿಡಿ ತರಲು ಮರೆಯಬೇಡಿ. ರೆಂಚೂ ಬಕೆಟ್ಟೂ ಸಿದ್ಧವಾಗಿರುತ್ತವೆ.