ಯಾವುದು ಮೇಲು?

ಮಕ್ಕಳ ಚಿತ್ರಪುಸ್ತಕವೊಂದರಲ್ಲಿ ಪಾಂಡಾ ಮತ್ತು ಆರ್ಮಡಿಲ್ಲೊಗಳ ಚಿತ್ರಗಳು ಎದುರುಬದುರಾಗಿದ್ದವು. ಅದನ್ನು ಹಿಡಿದುಕೊಂಡು ನಮ್ಮ ಮದ್ರಸದ ಬಾಲಕನೊಬ್ಬ ಕೇಳಿದ: “ಉಸ್ತಾದ್, ಇವೆರಡರಲ್ಲಿ ಯಾವುದು ಮೇಲು?” ನಾವು ಕೂಡಲೇ ಉತ್ತರಿಸಲಿಲ್ಲ. ಮನೆಗೆ ಬಂದು ಆ ಜೀವಿಗಳ ಕುರಿತು ಓದಲು ಕುಳಿತೆವು.

ಪಾಂಡಾ ಚೀನಾದ ಸಿಚುವಾನ್ ಮೊದಲಾದ ಪ್ರಾಂತ್ಯಗಳ ಬೆಟ್ಟಗಾಡಿನಲ್ಲಿ ವಾಸಿಸುವ ಕರಡಿ. ಅದರ ಜಠರ, ಕರುಳುಗಳು ಮಾಂಸಾಹಾರಿಯವು. ತಿನ್ನುವುದು ಮಾತ್ರ ಬಹುಪಾಲು ಬಿದಿರು. ಬಿದಿರಿನಿಂದ ದೊರೆಯುವ ಪುಷ್ಟಿ ಅಲ್ಪವಾದುದರಿಂದ ದಿನದ ಅರ್ಧದಷ್ಟು ಕಾಲ ಅದು ಮೆಲ್ಲುತ್ತಲೇ ಇರಬೇಕು. ಬಿದಿರನ್ನು ಹಿಡಿಯಲು ಮಣಿಕಟ್ಟಿನ ಮೂಳೆಯೊಂದು ಹೆಬ್ಬೆರಳಿನಂತೆ ನೆರವಾಗುತ್ತದೆ.

ಒಂಬತ್ತು ಪಟ್ಟಿಯ ಆರ್ಮಡಿಲ್ಲೊ ಅರ್ಜೆಂಟೀನಾದಿಂದ ಅಮೆರಿಕ ಸಂಯುಕ್ತ ಸಂಸ್ಥಾನದವರೆಗೆ ಹರಡಿಕೊಂಡಿದೆ. ನೋಡಲು ನಮ್ಮ ಚಿಪ್ಪುಹಂದಿಯನ್ನು ನೆನಪಿಸಿದರೂ ಅದರ ಬಂಧುವಲ್ಲ. ಚಿಪ್ಪುಹಂದಿಯ ಚಿಪ್ಪು ನಮ್ಮ ಉಗುರಿನಂತಹ ಪದಾರ್ಥದಿಂದಾದುದು. ಆರ್ಮಡಿಲ್ಲೊದ ಕವಚದೊಳಗೆ ಮೂಳೆಯ ಫಲಕಗಳಿವೆ. ಹುಳು, ಇರುವೆ, ಗೆದ್ದಲುಗಳೇ ಅದರ ಆಹಾರ. ತೊರೆ ಅಡ್ಡ ಬಂದರೆ ಉಸಿರು ಬಿಗಿಹಿಡಿದು ತಳದಲ್ಲಿಯೇ ನಡೆದು ದಾಟಬಲ್ಲದು. ಬೆದರಿದಾಗ ನೆಟ್ಟಗೆ ಮೇಲಕ್ಕೆ ಜಿಗಿಯುತ್ತದೆ. ಶತ್ರುವನ್ನು ಬೆಚ್ಚಿಸುವ ಆ ಜಿಗಿತವೇ ಹೆದ್ದಾರಿಯಲ್ಲಿ ವಾಹನದ ಅಡಿಗೆ ಸಿಲುಕಿದಾಗ ಅದರ ಪ್ರಾಣಕ್ಕೆ ಎರವಾಗುತ್ತದೆ.

ಮರಿಗಳ ವಿಷಯಕ್ಕೆ ಬಂದಾಗ ನಮ್ಮ ಓದು ನಿಂತಿತು. ಈ ಆರ್ಮಡಿಲ್ಲೊ ಸಾಮಾನ್ಯವಾಗಿ ಒಂದೇ ಅಂಡದಿಂದ ಒಂದೇ ರೂಪದ ನಾಲ್ಕು ಮರಿಗಳನ್ನು ಹೆರುತ್ತದೆ. ತಾಯಿಗೆ ಮೊಲೆಗಳೂ ನಾಲ್ಕು. ಪಾಂಡಾದ ಮರಿ ಹುಟ್ಟುವಾಗ ಸುಮಾರು 100 ಗ್ರಾಂ ಮಾತ್ರ. ಅವಳಿಗಳು ಹುಟ್ಟಿದರೆ ಕಾಡಿನ ತಾಯಿ ಸಾಮಾನ್ಯವಾಗಿ ಒಂದನ್ನೇ ಸಾಕುತ್ತಾಳೆ. ಆದರೆ ಚೆಂಗ್ಡುವಿನ ಸಂವರ್ಧನಾ ಕೇಂದ್ರದಲ್ಲಿ ಪಾಲಕರು ಮರಿಗಳನ್ನು ಸರದಿಯಂತೆ ಬದಲಾಯಿಸಿ ತಾಯಿಯ ಮಡಿಲಿಗೆ ಕೊಡುತ್ತಾರೆ. ಹೀಗೆ ಎರಡಕ್ಕೂ ಹಾಲು ದೊರೆತು ಎರಡೂ ಉಳಿಯುತ್ತವೆ.

ನಮ್ಮ ತರಗತಿಯಲ್ಲಿಯೂ ಅವಳಿ ಸಹೋದರರಿದ್ದಾರೆ. ಒಬ್ಬ ಚುರುಕು, ಇನ್ನೊಬ್ಬ ತಡವರಿಸುವವನು. “ನಿನ್ನ ಅಣ್ಣನನ್ನು ನೋಡಿ ಕಲಿ” ಎಂದು ನಾವು ಎಷ್ಟು ಬಾರಿ ಹೇಳಿದ್ದೇವೆಯೋ! ಕೆಲವು ತಿಂಗಳುಗಳಿಂದ ಆ ತಮ್ಮ ಗಟ್ಟಿಯಾಗಿ ಓದುವುದನ್ನೇ ಬಿಟ್ಟಿದ್ದ. ಯಾವುದು ಮೇಲು ಎಂದು ಕೇಳಿದವನೂ ಅವನೇ. ಅವನು ಕೇಳಿದ್ದು ಪ್ರಾಣಿಗಳ ಬಗ್ಗೆ ಮಾತ್ರವಾಗಿರಲಿಲ್ಲವೆಂದು ನಮಗೆ ಆ ರಾತ್ರಿ ಹೊಳೆಯಿತು.

ಮರುದಿನ ಅವನನ್ನು ಬಳಿಗೆ ಕರೆದು ಹೇಳಿದೆವು: “ಮಗೂ, ಒಂದಕ್ಕೆ ಬಿದಿರನ್ನೂ ಇನ್ನೊಂದಕ್ಕೆ ಗೆದ್ದಲನ್ನೂ ಇಟ್ಟವನು ಒಬ್ಬನೇ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಹೋದದ್ದು ನಮ್ಮ ತಪ್ಪು.” ಮರಿಗಳ ಸರದಿಯ ಕಥೆಯನ್ನೂ ಹೇಳಿದೆವು. ಅವನು ತಲೆಯೆತ್ತಿ, “ಹಾಗಾದರೆ ಈಗ ನನ್ನ ಸರದಿಯಾ, ಉಸ್ತಾದ್?” ಎಂದ. ಹೌದೆಂದೆವು. ಅರ್ಧ ಪುಟ ಓದಿದ, ಮೂರು ಕಡೆ ತಡವರಿಸಿದ, ನಾವು ಕಾದೆವು.

ಹೆತ್ತವರೇ, ಮಕ್ಕಳು ನಮ್ಮೆಲ್ಲರ ಕೈಯಲ್ಲಿರುವ ಅಮಾನತ್. ಹೋಲಿಸುವ ಮೊದಲು ಪ್ರತಿಯೊಬ್ಬನಿಗೂ ಅವನ ಸರದಿಯನ್ನು ಕೊಟ್ಟಿದ್ದೇವೆಯೇ ಎಂದು ಕೇಳಿಕೊಳ್ಳೋಣ.